ಮನೆ ಕೊಳ್ಳುವ ಮುಂಚೆ ತಾತ ಕೇಳಿದ ಐದು ಪ್ರಶ್ನೆಗಳು

ನಾನು ಹನ್ನೊಂದನೇ ತರಗತಿಯಲ್ಲಿ ಓದುತ್ತಿದ್ದೇನೆ. ನಾನು ಏಳು ವರ್ಷದವಳಿದ್ದಾಗ ನಾವು ಹಾಸನದಿಂದ ಇಲ್ಲಿಗೆ ಬಂದೆವು. ಅಂದಿನಿಂದ ವಾಲ್‌ನಟ್‌ನಲ್ಲಿ ಬಾಡಿಗೆ ಮನೆಯಲ್ಲೇ ಇದ್ದೆವು. ಈ ವರ್ಷ ಸ್ವಂತ ಮನೆ ಕೊಂಡೆವು. ನಮ್ಮ ಕನ್ನಡ ಶಾಲೆಯ ಊಟದ ಹೊತ್ತಿನಲ್ಲಿ ದೊಡ್ಡವರು ಮನೆಯ ಬಗ್ಗೆ ತುಂಬ ಮಾತಾಡುತ್ತಾರೆ. ಬೆಲೆ ಎಷ್ಟು, ಬಡ್ಡಿ ಎಷ್ಟು, ಯಾವ ಶಾಲೆ ಹತ್ತಿರ, ಅಡುಗೆಮನೆಯ ಕಲ್ಲು ಯಾವುದು ಅಂತ. ಮನೆಯ ಕಾಗದ ಪತ್ರಗಳ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿದ್ದು ಕಡಿಮೆ. ಅದಕ್ಕೇ ಈ ಸಲ ಅದರ ಬಗ್ಗೆಯೇ ಬರೆಯುತ್ತಿದ್ದೇನೆ. ನಾನು ವಕೀಲೆ ಅಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನು, ಅದರಿಂದ ನಾನು ಓದಿ ತಿಳಿದುಕೊಂಡದ್ದನ್ನು ಮಾತ್ರ ಹೇಳುತ್ತೇನೆ.

ನನಗೆ ಇದರಲ್ಲಿ ಆಸಕ್ತಿ ಹುಟ್ಟಿಸಿದ್ದು ತಾತ. ಅವರು ಹಾಸನ ಜಿಲ್ಲೆಯ ಒಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕ್ರಯಪತ್ರಗಳನ್ನು ನೋಡಿ ನೋಡಿ ಅವರಿಗೆ ಯಾವ ಮನೆಯನ್ನು ಕಂಡರೂ ಮೊದಲು ಅನುಮಾನವೇ ಬರುವುದು. ನಾವು ಮನೆ ಹುಡುಕುತ್ತಿದ್ದೇವೆ ಎಂದು ಹೇಳಿದ ದಿನ ವಾಟ್ಸಾಪ್ ಕರೆಯಲ್ಲಿ ಅವರು ಮನೆಯ ಫೋಟೋ ಕೇಳಲಿಲ್ಲ. "ಪುಟ್ಟಿ, ಒಂದು ಪೆನ್ನು ತಗೊ, ಬರ್ಕೊ" ಅಂದರು. ನಾನು ಬರೆದುಕೊಂಡ ಐದು ಪ್ರಶ್ನೆಗಳು ಇವು:

1. ಮನೆ ಯಾರ ಹೆಸರಲ್ಲಿದೆ?
2. ಅದರ ಮೇಲೆ ಸಾಲ, ಋಣ ಏನಾದರೂ ಇದೆಯಾ?
3. ಚಕ್ಕುಬಂದಿ ಸರಿಯಾಗಿದೆಯಾ? ಬೇರೆಯವರಿಗೆ ಅದರಲ್ಲಿ ದಾರಿ, ಹಕ್ಕು ಇದೆಯಾ?
4. ಒಪ್ಪಿಗೆ ಪಡೆದ ನಕ್ಷೆಯಂತೆಯೇ ಕಟ್ಟಿದ್ದಾರಾ?
5. ಕಂದಾಯ ಎಷ್ಟು?

ಅಪ್ಪ ನಕ್ಕು, "ಅಪ್ಪಾಜಿ, ಇಲ್ಲಿ ಅದನ್ನೆಲ್ಲ ಕಂಪನಿಯವರೇ ನೋಡ್ಕೋತಾರೆ" ಅಂದರು. ತಾತ, "ನೋಡ್ಕೊಳ್ಳಲಿ ಬಿಡಪ್ಪ. ನೀನೂ ನೋಡು" ಅಂದರು.

ನಾವು ಮೊದಲು ಇಷ್ಟಪಟ್ಟ ಮನೆಗೆ ನಾಲ್ಕು ಮಲಗುವ ಕೋಣೆಗಳಿದ್ದವು. ನಾಲ್ಕನೆಯದು ಕೆಳಗಡೆ, ಹಿತ್ತಲಿನ ಕಡೆಗೆ. ಅಜ್ಜಿಗೆ ಮಂಡಿ ನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಆ ಕೋಣೆ ನೋಡಿದ ತಕ್ಷಣ ಅಮ್ಮ "ಇದು ಅತ್ತೆ ಮಾವಂಗೆ" ಅಂದರು. ಅವತ್ತಿನಿಂದ ನಾವೆಲ್ಲ ಅದನ್ನು ತಾತನ ರೂಮು ಅಂತಲೇ ಕರೆಯುತ್ತಿದ್ದೆವು.

ನಮ್ಮ ಆಫರ್ ಒಪ್ಪಿಗೆಯಾದ ಮೇಲೆ ಎಸ್ಕ್ರೋ ತೆರೆಯಿತು. ಎಸ್ಕ್ರೋ ಎಂದರೆ ಕೊಳ್ಳುವವರಿಗೂ ಮಾರುವವರಿಗೂ ಸೇರದ ಮೂರನೆಯವರು. ನಾವು ಕೊಟ್ಟ ಮುಂಗಡ ಅವರ ಹತ್ತಿರ ಇರುತ್ತದೆ. ಎರಡೂ ಕಡೆಯವರು ಒಪ್ಪಂದದಲ್ಲಿ ಹೇಳಿದ್ದನ್ನೆಲ್ಲ ಮಾಡಿದ ಮೇಲೆಯೇ ದುಡ್ಡು ಅತ್ತ, ಪತ್ರ ಇತ್ತ. ಇಲ್ಲಿ ಮುಂಗಡ ಸಾಮಾನ್ಯವಾಗಿ ಬೆಲೆಯ 3 ಶೇಕಡಾದಷ್ಟಿರುತ್ತದೆ. ಇದು ಸಣ್ಣ ಮೊತ್ತವಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೆಚ್ಚಾಗಿ ಬಳಸುವ ಒಪ್ಪಂದದ ನಮೂನೆಯಲ್ಲಿ, ಬೇರೆ ಏನೂ ಬರೆಯದಿದ್ದರೆ, ಮನೆಯನ್ನು ಪರೀಕ್ಷಿಸಲು ಕೊಳ್ಳುವವರಿಗೆ 17 ದಿನ ಸಿಗುತ್ತದೆ. ಅಷ್ಟರೊಳಗೆ ಬೇಡ ಎಂದು ಬರೆದುಕೊಟ್ಟರೆ ಮುಂಗಡ ವಾಪಸ್. ಷರತ್ತುಗಳನ್ನೆಲ್ಲ ಬಿಟ್ಟುಕೊಟ್ಟು ಸಹಿ ಮಾಡಿದ ಮೇಲೆ ಹಿಂದೆ ಸರಿದರೆ ಮುಂಗಡ ಕೈಬಿಡಬಹುದು. ನಾನು ಕ್ಯಾಲೆಂಡರ್‌ನಲ್ಲಿ 17 ದಿನಗಳನ್ನು ಗುರುತು ಹಾಕಿದೆ.

ಮೊದಲ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ್ದು ಒಂದೇ ಕಾಗದದಲ್ಲಿ. ಅದರ ಹೆಸರು ಪ್ರಿಲಿಮಿನರಿ ಟೈಟಲ್ ರಿಪೋರ್ಟ್. ಎಲ್ಲರೂ ಪ್ರಿಲಿಮ್ ಅನ್ನುತ್ತಾರೆ. ತಾತನ ಭಾಷೆಯಲ್ಲಿ ಹೇಳುವುದಾದರೆ ಅದು ನಮ್ಮೂರಿನ ಇ.ಸಿ., ಅಂದರೆ ಋಣಭಾರ ಪತ್ರ ಇದ್ದ ಹಾಗೆ. ಊರಲ್ಲಿ ಕೊಳ್ಳುವವರು ಮೂವತ್ತು ವರ್ಷದ ಇ.ಸಿ. ತೆಗೆಸಿ ವಕೀಲರಿಗೆ ತೋರಿಸುತ್ತಾರೆ. ಇಲ್ಲಿ ಟೈಟಲ್ ಕಂಪನಿ ಕೌಂಟಿಯ ದಾಖಲೆಗಳನ್ನು ಹುಡುಕಿ ವರದಿ ಕೊಡುತ್ತದೆ. ನಂತರ ವಿಮೆಯನ್ನೂ ಕೊಡುತ್ತದೆ. ಒಂದೇ ಸಲ ಕಂತು ಕಟ್ಟಿದರೆ ಸಾಕು. ಮುಂದೆ ಯಾರಾದರೂ ಬಂದು "ಈ ಮನೆ ನನ್ನದು" ಎಂದು ಹಳೆಯ ಪತ್ರ ತೋರಿಸಿದರೆ ಆ ವಿಮೆ ನಮ್ಮ ಪರವಾಗಿ ನಿಲ್ಲುತ್ತದೆ. ಆದರೆ ಪ್ರಿಲಿಮ್‌ನಲ್ಲಿ ಪಟ್ಟಿ ಮಾಡಿರುವ ವಿಷಯಗಳಿಗೆ ಸಾಮಾನ್ಯವಾಗಿ ವಿಮೆ ಇರುವುದಿಲ್ಲ. "ಇದು ನಿಮಗೆ ಮೊದಲೇ ಹೇಳಿದ್ದೆವು" ಎಂದು ಅದರ ಅರ್ಥ. ಅದಕ್ಕೇ ಆ ಪಟ್ಟಿಯನ್ನು ಓದಬೇಕು.

ಪಟ್ಟಿಯಲ್ಲಿ ಎರಡು ವಿಷಯ ಸಿಕ್ಕವು. ಛಾವಣಿಯ ಮೇಲೆ ಸೋಲಾರ್ ಫಲಕಗಳಿದ್ದವು. ಅಪ್ಪ ಕರೆಂಟ್ ಪುಕ್ಕಟೆ ಎಂದು ಲೆಕ್ಕ ಹಾಕಿದ್ದರು. ಆದರೆ ಆ ಫಲಕಗಳು ಮನೆಯವರದ್ದಾಗಿರಲಿಲ್ಲ. ಒಂದು ಕಂಪನಿಯಿಂದ ಬಾಡಿಗೆಗೆ ತಂದಿದ್ದು. ಉಳಿದ ವರ್ಷಗಳ ಬಾಡಿಗೆಯನ್ನು ನಾವು ಕಟ್ಟಬೇಕಿತ್ತು. ಕೆಲವು ಮನೆಗಳಲ್ಲಿ ಇಂಥ ಕೆಲಸಕ್ಕೆ ತೆಗೆದ ಸಾಲ ಆಸ್ತಿ ತೆರಿಗೆಯ ಬಿಲ್ಲಿನ ಜೊತೆಗೇ ಸೇರಿಕೊಂಡು ಬರುತ್ತದೆಯಂತೆ. ಅದಕ್ಕೆ ಪೇಸ್ ಸಾಲ ಅನ್ನುತ್ತಾರೆ. ತಾತ ಕೇಳಿದ "ಋಣ" ಇಲ್ಲಿ ಛಾವಣಿಯ ಮೇಲೆಯೇ ಕೂತಿತ್ತು.

ಎರಡನೆಯದು ಈಸ್ಮೆಂಟ್. ಹಿತ್ತಲಿನ ಬೇಲಿಯ ಉದ್ದಕ್ಕೂ ಕೆಲವು ಅಡಿ ಜಾಗದಲ್ಲಿ ವಿದ್ಯುತ್ ತಂತಿ, ಕೊಳವೆಗಳಿಗೆ ಹಕ್ಕು ಇತ್ತು. ಜಾಗ ನಮ್ಮದೇ ಆದರೂ ಅಲ್ಲಿ ಏನೂ ಕಟ್ಟುವಂತಿಲ್ಲ. ತಾತನಿಗೆ ಇದನ್ನು ಓದಿ ಹೇಳಿದಾಗ ಅವರು "ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಅಂತ ಬರ್ದಿಲ್ವಾ?" ಅಂದರು. ಬರೆದಿರಲಿಲ್ಲ. ಇಂತಿಷ್ಟನೇ ಟ್ರ್ಯಾಕ್ಟ್, ಇಂತಿಷ್ಟನೇ ಲಾಟ್, ಮ್ಯಾಪ್ ಪುಸ್ತಕದ ಇಂತಿಷ್ಟನೇ ಪುಟ ಎಂದು ಮಾತ್ರ ಇತ್ತು. ನಾನು ಆ ಮ್ಯಾಪ್ ತೋರಿಸಿದ ಮೇಲೆಯೇ ಅವರಿಗೆ ಸಮಾಧಾನ.

ಕಷ್ಟವಾದದ್ದು ನಾಲ್ಕನೇ ಪ್ರಶ್ನೆ. ಇದಕ್ಕೆ ಪ್ರಿಲಿಮ್‌ನಲ್ಲಿ ಉತ್ತರ ಇಲ್ಲ. ಕಟ್ಟಡದ ಪರವಾನಗಿಗಳ ದಾಖಲೆಯನ್ನು ಬೇರೆಯಾಗಿ ಕೇಳಿ ಪಡೆಯಬೇಕು. ಅಮ್ಮ ಕೇಳಿ ತಂದರು. ದಾಖಲೆಯ ಪ್ರಕಾರ ಆ ಮನೆಗೆ ಇದ್ದದ್ದು ಮೂರೇ ಕೋಣೆ. ತಾತನ ರೂಮು ಮೊದಲು ಹಿತ್ತಲಿನ ಚಪ್ಪರವಾಗಿತ್ತು. ಯಾರೋ ಯಾವಾಗಲೋ ಗೋಡೆ ಕಟ್ಟಿ, ವೈರ್ ಎಳೆದು, ಕೋಣೆ ಮಾಡಿದ್ದರು. ಪರವಾನಗಿ ಇರಲಿಲ್ಲ.

ಹಾಗಾದರೆ ಮಾರುವವರು ಹೇಳಬೇಕಿತ್ತಲ್ಲವೇ? ಕ್ಯಾಲಿಫೋರ್ನಿಯಾದಲ್ಲಿ ಮಾರುವವರು ತಮಗೆ ಗೊತ್ತಿರುವ ದೋಷಗಳನ್ನು ಒಂದು ನಮೂನೆಯಲ್ಲಿ ಬರೆದು ಕೊಡಬೇಕು. ಪರವಾನಗಿ ಇಲ್ಲದೆ ಕಟ್ಟಿದ ಭಾಗ ಇದೆಯೇ ಎಂಬ ಪ್ರಶ್ನೆ ಅದರಲ್ಲಿ ಇದೆ. ಆದರೆ ತೀರಿಹೋದವರ ಮನೆಯನ್ನು ಟ್ರಸ್ಟ್ ಮೂಲಕ ಮಾರುವಾಗ ಅನೇಕ ಸಲ ಆ ನಮೂನೆಯಿಂದ ವಿನಾಯಿತಿ ಇರುತ್ತದೆ. ಇದು ಅಂಥ ಮಾರಾಟವೇ. ಮಾರುತ್ತಿದ್ದ ಮಕ್ಕಳು ಬೇರೆ ರಾಜ್ಯದಲ್ಲಿದ್ದರು. ಅವರಿಗೇ ಗೊತ್ತಿತ್ತೋ ಇಲ್ಲವೋ.

ಆ ವಾರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಅಪ್ಪನಿಗೆ ಆ ಮನೆ ಬಿಡಲು ಇಷ್ಟವಿರಲಿಲ್ಲ. "ಇಲ್ಲಿ ಎಷ್ಟೋ ಮನೆ ಹೀಗೇ ಇದೆ" ಅಂತಿದ್ದರು. ಕೋಣೆಯನ್ನು ಸಕ್ರಮ ಮಾಡಿಸಬಹುದು, ಆದರೆ ಗೋಡೆ ಒಡೆದು ಒಳಗೆ ತೋರಿಸಬೇಕಾಗಬಹುದು, ಖರ್ಚು ಎಷ್ಟೆಂದು ಮೊದಲೇ ಹೇಳಲು ಆಗದು ಎಂದು ಏಜೆಂಟ್ ಹೇಳಿದರು. ಕೆಡವಬೇಕು ಎಂದು ಆದೇಶ ಬಂದರೆ ಅದು ಹಳೆಯ ಮಾಲೀಕರಿಗಲ್ಲ, ಆಗ ಮಾಲೀಕರಾಗಿರುವ ನಮಗೆ. ಬೆಂಕಿ ಬಿದ್ದರೆ ವಿಮೆಯವರು ತಕರಾರು ಮಾಡಬಹುದು. 2025ರ ಜನವರಿಯಲ್ಲಿ ಪ್ಯಾಲಿಸೇಡ್ಸ್ ಮತ್ತು ಆಲ್ಟಡೀನಾದ ಬೆಂಕಿಯನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಆ ಮೇಲೆ ವಿಮೆ ಎಂದರೆ ಯಾರಿಗೂ ತಮಾಷೆಯಲ್ಲ.

ಹದಿನೈದನೇ ದಿನ ರಾತ್ರಿ ಅಮ್ಮ ಹೇಳಿದರು: "ಅತ್ತೆ ಮಾವ ಮಲಗೋ ರೂಮಿನ ಗೋಡೆ ಒಳಗೆ ವೈರ್ ಹೇಗಿದೆ ಅಂತ ಯಾರಿಗೂ ಗೊತ್ತಿಲ್ಲ. ನನಗೆ ಅಲ್ಲಿ ನಿದ್ದೆ ಬರಲ್ಲ." ಹದಿನಾರನೇ ದಿನ ಅಪ್ಪ ರದ್ದು ಪತ್ರಕ್ಕೆ ಸಹಿ ಮಾಡಿದರು. ಮುಂಗಡ ವಾಪಸ್ ಬಂತು. ಪರೀಕ್ಷೆಗೆ ಕೊಟ್ಟ ದುಡ್ಡು ಹೋಯಿತು. ನನ್ನ ತಮ್ಮ ಅತ್ತ. ತಾತನಿಗೆ ಫೋನಿನಲ್ಲಿ ಹೇಳಿದಾಗ ಅವರು "ನಾನು ಹೇಳಿರ್ಲಿಲ್ವಾ" ಅನ್ನಲಿಲ್ಲ. "ಊಟ ಆಯ್ತಾ?" ಅಂದರು.

ಎರಡು ತಿಂಗಳ ನಂತರ ವಾಲ್‌ನಟ್‌ನಲ್ಲೇ ಇನ್ನೊಂದು ಮನೆ ಸಿಕ್ಕಿತು. 1970ರ ದಶಕದ್ದು, ಸ್ವಲ್ಪ ಚಿಕ್ಕದು. ಈ ಸಲ ಅಪ್ಪನೇ ಮೊದಲು ಪರವಾನಗಿ ದಾಖಲೆ ತರಿಸಿದರು. ಅಂಚೆ ವಿಳಾಸದಲ್ಲಿ ವಾಲ್‌ನಟ್ ಎಂದು ಇದ್ದರೂ ಕೆಲವು ಬೀದಿಗಳು ಬೇರೆ ಶಾಲಾ ಜಿಲ್ಲೆಗೆ ಸೇರಿರುತ್ತವೆ. ಅದಕ್ಕೆ ಮನೆಯ ವಿಳಾಸ ಹಾಕಿ ಶಾಲೆಯನ್ನೂ ಖಚಿತ ಮಾಡಿಕೊಂಡೆವು. ಪ್ರವಾಹ, ಕಾಡ್ಗಿಚ್ಚು, ಭೂಕಂಪದ ಬಿರುಕು ಮುಂತಾದ ವಲಯಗಳಲ್ಲಿ ಮನೆ ಇದೆಯೇ ಎಂದು ಹೇಳುವ ವರದಿಯೂ ಬಂತು. ಅದನ್ನೂ ಓದಿದೆವು. ಮಾಮೂಲಿ ಮನೆ ವಿಮೆಯಲ್ಲಿ ಭೂಕಂಪ ಸೇರುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ.

ಐದನೇ ಪ್ರಶ್ನೆ ಕಂದಾಯ. ಇಲ್ಲಿ 1978ರಲ್ಲಿ ಜನರೇ ಮತ ಹಾಕಿ ತಂದ ಪ್ರೊಪೊಸಿಷನ್ 13 ಎಂಬ ನಿಯಮ ಇದೆ. ಅದರ ಪ್ರಕಾರ ಮೂಲ ತೆರಿಗೆ ಮನೆಯ ನಿಗದಿತ ಮೌಲ್ಯದ 1 ಶೇಕಡಾ. ಆ ಮೌಲ್ಯ ವರ್ಷಕ್ಕೆ ಹೆಚ್ಚೆಂದರೆ 2 ಶೇಕಡಾ ಏರಬಹುದು. ಮನೆ ಮಾರಾಟವಾದಾಗ ಹೊಸ ಬೆಲೆಗೆ ಲೆಕ್ಕ. ಹಾಗಾಗಿ ಮಾರುವವರ ತೆರಿಗೆ ಬಿಲ್ಲು ನೋಡಿ "ಇಷ್ಟೇನಾ!" ಎಂದು ಖುಷಿಪಡಬೇಡಿ. ನಮ್ಮ ಬಿಲ್ಲು ಅದಕ್ಕಿಂತ ತುಂಬ ಜಾಸ್ತಿ. ಕೊಂಡ ಕೆಲವು ತಿಂಗಳಿಗೆ ಆ ವ್ಯತ್ಯಾಸಕ್ಕೆ ಸಪ್ಲಿಮೆಂಟಲ್ ಬಿಲ್ ಎಂದು ಬೇರೆ ಬರುತ್ತದೆ. ಹೊಸ ಬಡಾವಣೆಗಳಲ್ಲಿ ರಸ್ತೆ, ಶಾಲೆ ಕಟ್ಟಿದ ಸಾಲ ತೀರಿಸಲು ಮೆಲ್ಲೊ-ರೂಸ್ ಎಂಬ ಹೆಚ್ಚಿನ ತೆರಿಗೆ ಇರಬಹುದು. ಅದು 1982ರ ಕಾನೂನು. ನಮ್ಮ ಬಡಾವಣೆ ಹಳೆಯದು, ಅದು ಇರಲಿಲ್ಲ.

ಇಲ್ಲಿಯವರೆಗೆ ತಾತನ ಪ್ರಶ್ನೆಗಳು. ಆರನೇ ಪ್ರಶ್ನೆ ನನ್ನದು.

ಈ ಮನೆಯ ಕಾಗದಗಳಲ್ಲಿ ಬಡಾವಣೆಯ ನಿಯಮಗಳ ಹಳೆಯ ಪ್ರತಿ ಒಂದು ಇತ್ತು. ಕೋಳಿ ಸಾಕಬಾರದು, ಅಂಗಡಿ ಇಡಬಾರದು, ಹೀಗೆ. ಕೋಳಿ ಬೇಕೆಂದಿದ್ದ ತಮ್ಮನಿಗೆ ಬೇಸರವಾಯಿತು. ಆ ಪ್ರತಿಯ ಮೇಲೆ ಒಂದು ಹೊಸ ಹಾಳೆ ಅಂಟಿಸಿದ್ದರು. ಈ ದಾಖಲೆಯಲ್ಲಿ ಜನಾಂಗ, ಬಣ್ಣ, ಧರ್ಮ, ಮೂಲ ದೇಶ ಇತ್ಯಾದಿಗಳ ಆಧಾರದ ಮೇಲೆ ಯಾವುದೇ ನಿರ್ಬಂಧ ಇದ್ದರೆ ಅದು ಕಾನೂನಿಗೆ ವಿರುದ್ಧ, ಅದು ನಡೆಯುವುದಿಲ್ಲ, ಅದನ್ನು ತೆಗೆಸಬಹುದು ಎಂಬ ಅರ್ಥದ ಮಾತು ಅದರಲ್ಲಿತ್ತು. ನಾನು ಗಾಬರಿಯಾಗಿ ಎಲ್ಲ ಪುಟಗಳನ್ನೂ ಓದಿದೆ. ಅಂಥದ್ದು ಒಳಗೆ ಏನೂ ಇರಲಿಲ್ಲ. ಈ ಬಗೆಯ ದಾಖಲೆ ಕೊಡುವಾಗ ಆ ಹಾಳೆ ಸೇರಿಸಲೇಬೇಕೆಂದು ರಾಜ್ಯದ ಕಾನೂನು ಇದೆ. ಆದರೆ ಅಂಥ ಕಾನೂನು ಯಾಕೆ ಬೇಕಾಯಿತು?

ಹುಡುಕಿದಾಗ ಗೊತ್ತಾಯಿತು. ಲಾಸ್ ಏಂಜಲೀಸ್ ಸುತ್ತಮುತ್ತಲಿನ ಎಷ್ಟೋ ಹಳೆಯ ಪತ್ರಗಳಲ್ಲಿ ಬಿಳಿಯರಲ್ಲದವರಿಗೆ ಮನೆ ಮಾರಬಾರದು, ಅವರು ಇಲ್ಲಿ ವಾಸಿಸಬಾರದು ಎಂದು ಬರೆದಿರುತ್ತಿತ್ತು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದಿತು. ಆದರೂ ಲಾಸ್ ಏಂಜಲೀಸ್‌ನಲ್ಲಿ ಒಬ್ಬ ಮಹಿಳೆ ಬಿಳಿಯರಲ್ಲದವರಿಗೆ ಮನೆ ಬಿಟ್ಟುಕೊಟ್ಟಾಗ ನೆರೆಯವರು ಅವರ ಮೇಲೆ ನಷ್ಟ ಪರಿಹಾರದ ದಾವೆ ಹೂಡಿದರು. 1953ರಲ್ಲಿ, ಬ್ಯಾರೋಸ್ ವಿರುದ್ಧ ಜ್ಯಾಕ್ಸನ್ ಎಂಬ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಆ ಮಹಿಳೆಯ ಪರವಾಗಿ ತೀರ್ಪು ಕೊಟ್ಟಿತು. ಮನೆ ಮಾರುವುದರಲ್ಲಿ ಇಂಥ ಭೇದವನ್ನೇ ನಿಷೇಧಿಸಿದ ಕೇಂದ್ರದ ಕಾನೂನು ಬಂದದ್ದು 1968ರಲ್ಲಿ.

ನಮ್ಮವರ ಕಥೆಯೂ ಇದೆ. ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ಕೃಷಿ ಭೂಮಿ ಕೊಳ್ಳುವಂತಿಲ್ಲ ಎಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಎರಡನ್ನೂ ಸೇರಿಸಿದರೆ ಭಾರತದಿಂದ ಬಂದ ರೈತರು ತಾವು ಉಳುತ್ತಿದ್ದ ಭೂಮಿಯನ್ನು ತಮ್ಮ ಹೆಸರಿಗೆ ಮಾಡಿಕೊಳ್ಳುವಂತಿರಲಿಲ್ಲ. ದಲೀಪ್ ಸಿಂಗ್ ಸೌಂದ್ ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು. ಸ್ಯಾನ್ ಡಿಯಾಗೋದ ಪೂರ್ವಕ್ಕಿರುವ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡುತ್ತಿದ್ದರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ಸೌಂದ್ 1949ರಲ್ಲಿ ಪ್ರಜೆಯಾದರು. 1956ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು. ಆ ಭೂಮಿ ಕಾನೂನನ್ನು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1952ರಲ್ಲಿ ತಳ್ಳಿಹಾಕಿತು.

ನಮ್ಮ ಗ್ರೀನ್ ಕಾರ್ಡ್ ಇನ್ನೂ ಸರದಿಯಲ್ಲಿದೆ. ಅಪ್ಪ ಎಚ್-1ಬಿ ವೀಸಾದಲ್ಲಿದ್ದಾರೆ. ನಾವು ಮನೆ ಕೊಳ್ಳಬಹುದೇ ಎಂದು ಯಾರೂ ಕೇಳಲಿಲ್ಲ. ಸಾಲ ಕೊಡುವವರು ವೀಸಾ ನೋಡಿದರು, ಅಷ್ಟೇ. ಆಸ್ತಿಯ ವಿಷಯದಲ್ಲಿ ಪ್ರಜೆಗಳಲ್ಲದವರಿಗೂ ಪ್ರಜೆಗಳಷ್ಟೇ ಹಕ್ಕು ಎಂದು ಕ್ಯಾಲಿಫೋರ್ನಿಯಾದ ಸಂವಿಧಾನದಲ್ಲೇ ಈಗ ಬರೆದಿದೆ. ಎಲ್ಲ ಕಡೆ ಹೀಗಿಲ್ಲ. ಚೀನಾ ದೇಶದ ಪ್ರಜೆಗಳು ಅಲ್ಲಿ ಆಸ್ತಿ ಕೊಳ್ಳುವುದಕ್ಕೆ ಫ್ಲಾರಿಡಾ 2023ರಲ್ಲಿ ಕಾನೂನು ಮಾಡಿ ಮಿತಿ ಹಾಕಿತು. ವಾಲ್‌ನಟ್‌ನಲ್ಲಿ ನನ್ನ ಅರ್ಧದಷ್ಟು ಗೆಳತಿಯರ ಮನೆಯವರು ಚೀನಾ ಅಥವಾ ತೈವಾನ್‌ನಿಂದ ಬಂದವರು. ಹಾಗಾಗಿ ಇದು ಬರೀ ಹಳೆಯ ಇತಿಹಾಸ ಎಂದು ನನಗೆ ಅನ್ನಿಸುವುದಿಲ್ಲ.

ಕೊನೆಗೆ ಬಂದ ಪ್ರಶ್ನೆ ಪುನಃ ತಾತನ ಮೊದಲ ಪ್ರಶ್ನೆಯೇ: ಮನೆ ಯಾರ ಹೆಸರಲ್ಲಿ? ಈ ಸಲ ಮಾರುವವರ ಹೆಸರಲ್ಲ, ನಮ್ಮ ಹೆಸರು. ಅಮ್ಮನಿಗೆ ಸಂಬಳ ಇಲ್ಲದ್ದರಿಂದ ಸಾಲ ಅಪ್ಪನ ಹೆಸರಿನಲ್ಲಿ ಮಾತ್ರ. ಇಂಥಾಗ ಕೆಲವು ಸಲ ಮನೆಯ ಪತ್ರವೂ ಒಬ್ಬರ ಹೆಸರಿಗೇ ಆಗುತ್ತದೆ. ಇನ್ನೊಬ್ಬರು ತಮ್ಮ ಹಕ್ಕನ್ನು ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕುತ್ತಾರೆ. ಸಹಿ ಮಾಡಬೇಕಾದ ಕಾಗದಗಳ ಕರಡಿನಲ್ಲಿ ಅಂಥದ್ದೊಂದು ಇತ್ತು. ಅಮ್ಮ ಅದನ್ನು ಓದಿ "ಇದು ಏನು?" ಎಂದು ಕೇಳಿದರು. ಅಪ್ಪನಿಗೂ ಗೊತ್ತಿರಲಿಲ್ಲ.

ಅವತ್ತು ಫೋನಿನಲ್ಲಿ ತಾತ ಮಾತಾಡುತ್ತಿದ್ದಾಗ ಹಿಂದಿನಿಂದ ಅಜ್ಜಿಯ ಧ್ವನಿ ಕೇಳಿಸಿತು. "ಊರಿನ ಪತ್ರನೆಲ್ಲ ಬರ್ದೋರು ಇವ್ರು. ನಮ್ಮನೆ ಯಾವ ಪತ್ರದಲ್ಲೂ ನನ್ ಹೆಸ್ರಿಲ್ಲ ನೋಡು." ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಪ್ಪನಿಗೆ, "ಇಬ್ಬರ ಹೆಸರೂ ಹಾಕ್ಸಪ್ಪ" ಅಂದರು.

ಅಪ್ಪ ಸಾಲ ಕೊಡುವವರನ್ನು ಕೇಳಿದರು. ಸಾಲ ಒಬ್ಬರ ಹೆಸರಿನಲ್ಲಿದ್ದರೂ ಮನೆ ಇಬ್ಬರ ಹೆಸರಿನಲ್ಲಿ ಇರಬಹುದು ಎಂದು ಅವರು ಒಪ್ಪಿದರು. ಮೊದಲೇ ಕೇಳಿದ್ದರಿಂದ ತಡವಾಗಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಗಂಡ ಹೆಂಡತಿ ಮನೆಯನ್ನು ಹಲವು ಬಗೆಯಲ್ಲಿ ಹೊಂದಬಹುದು. ಒಬ್ಬರು ತೀರಿಕೊಂಡರೆ ಇನ್ನೊಬ್ಬರಿಗೆ ಹೇಗೆ ಬರುತ್ತದೆ, ತೆರಿಗೆ ಹೇಗೆ ಎಂಬುದು ಅದರ ಮೇಲೆ ನಿಂತಿದೆ. ಯಾವುದು ಒಳ್ಳೆಯದು ಎಂದು ಎಸ್ಕ್ರೋದವರು ಹೇಳುವುದಿಲ್ಲ, ಅವರು ಸಲಹೆ ಕೊಡುವಂತಿಲ್ಲ. ಇಲ್ಲಿ ಮನೆ ಕೊಳ್ಳಲು ವಕೀಲರು ಕಡ್ಡಾಯವಲ್ಲ, ಆದರೂ ಇದೊಂದಕ್ಕೆ ಅಪ್ಪ ಅಮ್ಮ ಒಬ್ಬ ವಕೀಲರನ್ನು ಕಂಡು ಬಂದರು.

ಸಹಿಯ ದಿನ ನೋಟರಿ ತಮ್ಮ ಪುಸ್ತಕದಲ್ಲಿ ಅಪ್ಪ ಅಮ್ಮ ಇಬ್ಬರ ಬಲಗೈ ಹೆಬ್ಬೆಟ್ಟಿನ ಗುರುತೂ ತೆಗೆದುಕೊಂಡರು. ಮನೆ, ಜಮೀನಿನ ಕಾಗದಗಳಿಗೆ ಅದು ಕ್ಯಾಲಿಫೋರ್ನಿಯಾದ ನಿಯಮ. ಎಂ.ಎಸ್‌ಸಿ. ಓದಿದ ಅಮ್ಮ "ಅಮೆರಿಕಕ್ಕೆ ಬಂದು ಹೆಬ್ಬೆಟ್ಟು ಒತ್ತಿದೆ" ಎಂದು ನಕ್ಕರು. ತಾತನಿಗೆ ಮಾತ್ರ ಇದು ತುಂಬ ಹಿಡಿಸಿತು. "ಈಗ ನಂಬಿಕೆ ಬಂತು" ಅಂದರು.

ದುಡ್ಡು ಕಳಿಸುವ ದಿನ ಒಂದು ಎಚ್ಚರಿಕೆ ಬೇಕು. ಎಸ್ಕ್ರೋದವರ ಹೆಸರಿನಲ್ಲಿ ಕಳ್ಳರು ಇಮೇಲ್ ಕಳಿಸಿ "ಖಾತೆ ಸಂಖ್ಯೆ ಬದಲಾಗಿದೆ" ಎನ್ನುವುದು ಇಲ್ಲಿ ನಡೆಯುತ್ತದೆ. ಇಮೇಲ್‌ನಲ್ಲಿರುವ ನಂಬರಿಗೆ ಅಲ್ಲ, ಮೊದಲೇ ನಿಮ್ಮ ಹತ್ತಿರ ಇರುವ ನಂಬರಿಗೆ ಫೋನ್ ಮಾಡಿ, ಖಾತೆ ಸಂಖ್ಯೆಯನ್ನು ಓದಿಸಿ ಕೇಳಿ, ಆಮೇಲೆ ಕಳಿಸಿ. ಅಮ್ಮ ಹಾಗೇ ಮಾಡಿದರು.

ನಾರ್ವಾಕ್‌ನಲ್ಲಿರುವ ಕೌಂಟಿಯ ರೆಕಾರ್ಡರ್ ಕಚೇರಿಯಲ್ಲಿ ಪತ್ರ ದಾಖಲಾದ ದಿನ ಕೀ ಕೈಗೆ ಬಂತು. ಈ ಮನೆಯಲ್ಲಿ ಕೆಳಗಡೆ ಮಲಗುವ ಕೋಣೆ ಇಲ್ಲ. ಹಿಂದೆ ಒಂದು ಕೋಣೆ ಕಟ್ಟಲು ಅಪ್ಪ ನಕ್ಷೆ ಮಾಡಿಸುತ್ತಿದ್ದಾರೆ, ಪರವಾನಗಿ ಬಂದ ಮೇಲೆ ಕೆಲಸ ಶುರು. ಅದಾಗುವವರೆಗೆ ಅಜ್ಜಿ ತಾತ ಬರುವುದು ಮುಂದಕ್ಕೆ ಹೋಗಿದೆ. ಇದೊಂದು ನಮಗೆಲ್ಲ ಬೇಸರ.

ನನ್ನ ವಯಸ್ಸಿನ ಓದುಗರಿಗೆ ಒಂದು ಮಾತು. ನಿಮ್ಮದು ಸ್ವಂತ ಮನೆಯಾಗಿದ್ದರೆ ಅದರ ಪತ್ರ ಎಲ್ಲಿಟ್ಟಿದ್ದಾರೆ ಎಂದು ಈ ವಾರ ಅಪ್ಪ ಅಮ್ಮನನ್ನು ಕೇಳಿ. ಮೊದಲ ಪುಟದಲ್ಲಿ ಯಾರ ಯಾರ ಹೆಸರಿದೆ ಎಂದು ನೋಡಿ. ಪ್ರಿಲಿಮ್ ಸಿಕ್ಕರೆ ಅದನ್ನೂ ಓದಿ, ಅರ್ಥವಾಗದ ಪದಕ್ಕೆ ಗೆರೆ ಎಳೆದು ಕೇಳಿ. ಇನ್ನೂ ಮನೆ ಹುಡುಕುತ್ತಿದ್ದರೆ, ತಾತನ ಐದು ಪ್ರಶ್ನೆಗಳನ್ನು ಬರೆದು ಫ್ರಿಜ್ ಮೇಲೆ ಅಂಟಿಸಿ. ಊರಿನಲ್ಲಿರುವ ನಿಮ್ಮ ಅಜ್ಜಿ ತಾತನನ್ನೂ ಒಂದು ಸಲ ಕೇಳಿ ನೋಡಿ, ಅವರ ಹತ್ತಿರ ಇನ್ನೂ ಒಂದೆರಡು ಪ್ರಶ್ನೆಗಳಿರಬಹುದು.